ಸ್ಕಾಟ್ಲೆಂಡಿನ ವರ್ತಕ ಮನೆತನದ ವಂಶಾವಳಿ: ಮದುವೆ ಮತ್ತು ವಾರಸು ದಾಖಲೆಗಳಿಂದ ಹುಡುಕುವ ಬಗೆ

ಗ್ಲ್ಯಾಸ್ಗೋ ನಗರದ ವಸ್ತುಸಂಗ್ರಹಾಲಯಗಳ ಸಂಗ್ರಹದಲ್ಲಿ ಹೊಗೆಸೊಪ್ಪಿನ ವರ್ತಕ ಜಾನ್ ಗ್ಲಾಸ್‌ಫರ್ಡ್‌ನ ಕುಟುಂಬದ ದೊಡ್ಡದೊಂದು ತೈಲಚಿತ್ರವಿದೆ. ಆರ್ಚಿಬಾಲ್ಡ್ ಮೆಕ್‌ಲಾಕ್ಲನ್ ಎಂಬ ಕಲಾವಿದ 1767ರ ಸುಮಾರಿಗೆ ಅದನ್ನು ರಚಿಸಿದ. ಯಜಮಾನನ ಜೊತೆಗೆ ಇಂದು ಅದರಲ್ಲಿ ಕಾಣುವವಳು ಅವನ ಮೂರನೆಯ ಪತ್ನಿ ಲೇಡಿ ಮಾರ್ಗರೆಟ್ ಮೆಕೆಂಜಿ. ಆದರೆ ಆ ಜಾಗದಲ್ಲಿ ಮೊದಲು ಇದ್ದದ್ದು 1766ರಲ್ಲಿ ತೀರಿಕೊಂಡ ಎರಡನೆಯ ಪತ್ನಿ ಆನ್ ನಿಸ್ಬೆಟ್‌ಳ ರೂಪ. ಹಳೆಯ ಬಣ್ಣದ ಮೇಲೆ ಹೊಸ ಬಣ್ಣ ಬಳಿದು ಒಬ್ಬಳ ಜಾಗಕ್ಕೆ ಇನ್ನೊಬ್ಬಳನ್ನು ತರಲಾಗಿದೆ. ಸುತ್ತ ನಿಂತಿರುವ ಮಕ್ಕಳಲ್ಲಿ ಯಾರು ಯಾವ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವರು ಎಂಬುದನ್ನು ಚಿತ್ರ ನೋಡಿ ಹೇಳಲಾಗದು. ಮೂರು ಮದುವೆಗಳಾದ ಇಂಥ ಮನೆಯಲ್ಲಿ ಆ ಪ್ರಶ್ನೆಗೆ ಉತ್ತರ ಸಿಗುವುದು ಮದುವೆಯ ಹೊತ್ತಿಗೆ ಮತ್ತು ಸಾವಿನ ನಂತರ ವಕೀಲರು ಬರೆದಿಟ್ಟ ಕಾಗದಗಳಲ್ಲಿ.

ವರ್ತಕರ ಮನೆಗೆ ಮದುವೆಯ ಮೂಲಕ ಬಂಡವಾಳ ಬರುತ್ತಿತ್ತು, ಸಾವಿನ ಮೂಲಕ ಅದು ಹಂಚಿಹೋಗುತ್ತಿತ್ತು. ಹೆಣ್ಣಿನ ತಂದೆ ಕೊಟ್ಟ ಹಣವೇ ಎಷ್ಟೋ ಸಲ ಅಳಿಯನ ಪಾಲುದಾರಿಕೆಯ ಬಂಡವಾಳವಾಗುತ್ತಿತ್ತು. ಆ ಹಣಕ್ಕೆ ರಕ್ಷಣೆ ಬೇಕಾದ್ದರಿಂದ ಕರಾರು ಹುಟ್ಟುತ್ತಿತ್ತು. ಆದ್ದರಿಂದ ಕೇವಲ ಜ್ಞಾನಸ್ನಾನದ ಪುಸ್ತಕಗಳನ್ನು ತಿರುವಿಹಾಕಿ ತಂದೆಯಿಂದ ಮಗನಿಗೆ ಗೆರೆ ಎಳೆಯುತ್ತ ಹೋಗುವುದಕ್ಕಿಂತ ಮದುವೆ ಮತ್ತು ವಾರಸಿನ ದಾಖಲೆಗಳನ್ನು ಜೋಡಿಯಾಗಿ ಓದುವುದು ಹೆಚ್ಚು ನಂಬಲರ್ಹವಾದ ದಾರಿ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ಕಾನೂನನ್ನು ತಿಳಿದುಕೊಳ್ಳಿ

1707ರಲ್ಲಿ ಸ್ಕಾಟ್ಲೆಂಡ್ ಇಂಗ್ಲೆಂಡಿನೊಡನೆ ಒಂದಾದರೂ ಅದರ ಕಾನೂನು ಬೇರೆಯಾಗಿಯೇ ಉಳಿಯಿತು. ಇಂಗ್ಲೆಂಡಿನ ವಂಶಾವಳಿ ಹುಡುಕುವ ಪದ್ಧತಿಯನ್ನು ಇಲ್ಲಿಗೆ ತಂದರೆ ಹೆಜ್ಜೆ ಹೆಜ್ಜೆಗೂ ತಪ್ಪುತ್ತದೆ. ಸ್ಕಾಟಿಷ್ ಕಾನೂನು ಆಸ್ತಿಯನ್ನು ಎರಡಾಗಿ ಒಡೆಯುತ್ತದೆ: ಭೂಮಿ, ಮನೆ ಮುಂತಾದ ಸ್ಥಿರಾಸ್ತಿ; ಮತ್ತು ಹಣ, ಸರಕು, ಹಡಗಿನ ಪಾಲು, ಬರಬೇಕಾದ ಸಾಲ ಮುಂತಾದ ಚರಾಸ್ತಿ. ಸತ್ತವನು ಬೇರೆ ಏರ್ಪಾಡು ಮಾಡದಿದ್ದರೆ ಸ್ಥಿರಾಸ್ತಿ ಹಿರಿಯ ಮಗನಿಗೆ ಹೋಗುತ್ತಿತ್ತು. ಈ ಹಿರಿತನದ ಹಕ್ಕು ರದ್ದಾದದ್ದು 1964ರಲ್ಲಿ. 1868ರವರೆಗೆ ಭೂಮಿಯನ್ನು ಉಯಿಲಿನ ಮೂಲಕ ನೇರವಾಗಿ ಬರೆದುಕೊಡಲು ಅವಕಾಶವೇ ಇರಲಿಲ್ಲ. ಅದಕ್ಕಾಗಿಯೇ ಬುದ್ಧಿವಂತ ವರ್ತಕರು ಬದುಕಿರುವಾಗಲೇ ಟ್ರಸ್ಟಿಗಳ ಹೆಸರಿಗೆ ಆಸ್ತಿಯನ್ನು ಬರೆದು, ತಾವು ಸತ್ತ ಮೇಲೆ ಹೀಗೆ ಹಂಚಬೇಕು ಎಂದು ನಿಬಂಧನೆ ಹಾಕುತ್ತಿದ್ದರು.

ಚರಾಸ್ತಿಯ ಲೆಕ್ಕ ಬೇರೆ. ಹೆಂಡತಿಯೂ ಮಕ್ಕಳೂ ಇದ್ದರೆ ಅದು ಮೂರು ಪಾಲಾಗುತ್ತಿತ್ತು: ಒಂದು ವಿಧವೆಗೆ, ಒಂದು ಮಕ್ಕಳೆಲ್ಲರಿಗೆ ಸಮನಾಗಿ, ಇನ್ನೊಂದು ಸತ್ತವನು ಇಚ್ಛೆಯಂತೆ ಕೊಡಬಹುದಾದ ಪಾಲು. ಈ ಮೂರನೆಯದಕ್ಕೆ ಸ್ಕಾಟರು ‘ಡೆಡ್ಸ್ ಪಾರ್ಟ್’, ಅಂದರೆ ಸತ್ತವನ ಪಾಲು, ಎಂದೇ ಹೆಸರಿಟ್ಟಿದ್ದಾರೆ. ಭೂಮಿ ಪಡೆದ ಹಿರಿಯ ಮಗ, ತನ್ನ ಭೂಮಿಯನ್ನೂ ಒಟ್ಟು ರಾಶಿಗೆ ಸೇರಿಸಲು ಒಪ್ಪದ ಹೊರತು, ಚರಾಸ್ತಿಯಲ್ಲಿ ಪಾಲು ಕೇಳುವಂತಿರಲಿಲ್ಲ.

ಈ ಒಂದು ನಿಯಮದ ಪರಿಣಾಮವನ್ನು ಗಮನಿಸಿ. ತಂದೆಯ ಚರಾಸ್ತಿಯ ದಾಖಲೆಯಲ್ಲಿ ಕಿರಿಯ ಗಂಡುಮಕ್ಕಳೂ ಹೆಣ್ಣುಮಕ್ಕಳೂ ಇದ್ದು ಹಿರಿಯ ಮಗನ ಹೆಸರೇ ಇಲ್ಲದಿರಬಹುದು. ಕಾನೂನು ತಿಳಿಯದವರು ‘ಈ ಮಗ ಮೊದಲೇ ಸತ್ತಿರಬೇಕು’ ಎಂದು ಬರೆದುಕೊಂಡು ಮುಂದೆ ಹೋಗುತ್ತಾರೆ. ಮನೆತನದ ಮುಖ್ಯ ಕೊಂಬೆಯನ್ನೇ ಕಡಿದುಹಾಕಿದಂತಾಗುತ್ತದೆ. ಅವನು ಬದುಕಿದ್ದು ಭೂಮಿಯ ದಾಖಲೆಯಲ್ಲಿ ಕುಳಿತಿರುತ್ತಾನೆ. ಹೆಸರು ಕಾಣದಿರುವುದು ಸಾಕ್ಷ್ಯವಾಗಬೇಕಾದರೆ ಆ ಹೆಸರು ಅಲ್ಲಿ ಇರಲೇಬೇಕಿತ್ತು ಎಂದು ಕಾನೂನು ಹೇಳಬೇಕು.

ಗಂಡುಮಕ್ಕಳಿಲ್ಲದ ಮನೆಯಲ್ಲಿ ಹೆಣ್ಣುಮಕ್ಕಳೆಲ್ಲರೂ ಭೂಮಿಗೆ ಸಮಪಾಲಿನ ವಾರಸುದಾರರಾಗುತ್ತಿದ್ದರು. ಆಗ ಪ್ರತಿಯೊಬ್ಬ ಮಗಳ ಹೆಸರಿನೊಂದಿಗೆ ಅವಳ ಗಂಡನ ಹೆಸರೂ ದಾಖಲಾಗುವುದರಿಂದ ಸಂಶೋಧಕನಿಗೆ ಅದು ದೊಡ್ಡ ಲಾಭ. ಮಕ್ಕಳಿಲ್ಲದೆ ಸತ್ತ ನಡುವಿನ ಸಹೋದರನ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ: ಅವನಿಗೆ ಪಿತ್ರಾರ್ಜಿತವಾಗಿ ಬಂದ ಭೂಮಿ ಅವನ ನಂತರದ ತಮ್ಮನಿಗೂ, ಸ್ವಯಾರ್ಜಿತ ಭೂಮಿ ಅವನಿಗಿಂತ ಹಿಂದಿನ ಅಣ್ಣನಿಗೂ ಹೋಗುತ್ತಿತ್ತು. 1874ರಲ್ಲಿ ಈ ಭೇದ ಹೋಯಿತು. ದುಡಿದ ಹಣದಲ್ಲಿ ಭೂಮಿ ಕೊಳ್ಳುತ್ತಿದ್ದ ವರ್ತಕರ ಮನೆಗಳಲ್ಲಿ ಸಹೋದರರ ಹುಟ್ಟಿನ ಕ್ರಮವನ್ನು ನಿರ್ಧರಿಸಲು ಇದು ಬಹಳ ನೆರವಾಗುತ್ತದೆ.

1855ರಿಂದ ಹಿಂದಕ್ಕೆ ನಡೆಯಿರಿ

ಸ್ಕಾಟ್ಲೆಂಡಿನಲ್ಲಿ ಸರ್ಕಾರಿ ಜನನ, ಮರಣ, ವಿವಾಹ ನೋಂದಣಿ ಆರಂಭವಾದದ್ದು 1855ರ ಜನವರಿ 1ರಂದು. ಎಡಿನ್‌ಬರೋದ ನ್ಯಾಷನಲ್ ರೆಕಾರ್ಡ್ಸ್ ಆಫ್ ಸ್ಕಾಟ್ಲೆಂಡ್ ನಡೆಸುವ ‘ಸ್ಕಾಟ್ಲೆಂಡ್ಸ್ ಪೀಪಲ್’ ಜಾಲತಾಣದಲ್ಲಿ ಇವುಗಳನ್ನು ಹುಡುಕಬಹುದು. ಇಲ್ಲಿನ ವಿವಾಹ ಪತ್ರದ ಹೆಚ್ಚುಗಾರಿಕೆ ಏನೆಂದರೆ ವಧೂವರರ ತಂದೆಯರ ಹೆಸರು ಮತ್ತು ವೃತ್ತಿಯ ಜೊತೆಗೆ ಇಬ್ಬರ ತಾಯಂದಿರ ಹೆಸರನ್ನೂ ಅವರ ತವರಿನ ಮನೆತನದ ಹೆಸರಿನೊಂದಿಗೆ ಬರೆದಿರುತ್ತಾರೆ. ಮರಣ ಪತ್ರದಲ್ಲೂ ಸತ್ತವರ ತಂದೆತಾಯಿಯರ ಹೆಸರಿರುತ್ತದೆ. ಹಾಗಾಗಿ 1860ರಲ್ಲಿ ಎಂಬತ್ತು ವರ್ಷಕ್ಕೆ ತೀರಿಕೊಂಡ ವರ್ತಕನ ಮರಣ ಪತ್ರ ನಮ್ಮನ್ನು ಒಂದೇ ನೆಗೆತಕ್ಕೆ ಹದಿನೆಂಟನೆಯ ಶತಮಾನಕ್ಕೆ ತಲುಪಿಸುತ್ತದೆ. ಆದರೆ ಆ ಮಾಹಿತಿ ಕೊಟ್ಟವರು ಯಾರೆಂದು ನೋಡಿ: ಮಗಳು ಹೇಳಿದ ಅಜ್ಜಿಯ ಹೆಸರಿಗೂ ನೆರೆಯವನು ಹೇಳಿದ ಹೆಸರಿಗೂ ಒಂದೇ ಬೆಲೆ ಕೊಡಲಾಗದು. 1855ರ ಒಂದು ವರ್ಷದ ಪತ್ರಗಳಲ್ಲಿ ಮುಂದೆಂದೂ ಕೇಳದಷ್ಟು ವಿವರ ಕೇಳಿದ್ದರು. ನಿಮ್ಮ ಕುಟುಂಬದ ಯಾರಾದರೂ ಆ ವರ್ಷ ಹುಟ್ಟಿದ್ದರೆ, ಮದುವೆಯಾಗಿದ್ದರೆ ಅಥವಾ ಸತ್ತಿದ್ದರೆ, ನೇರ ಪೂರ್ವಜರಲ್ಲದಿದ್ದರೂ ಆ ಪತ್ರವನ್ನು ತೆಗೆಸಿ.

ಚರ್ಚಿನ ಪುಸ್ತಕದ ಮದುವೆಗಳು

1855ಕ್ಕೂ ಮುಂಚಿನ ಕಾಲಕ್ಕೆ ಸ್ಕಾಟ್ಲೆಂಡ್ ಚರ್ಚಿನ ಹಳೆಯ ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಯ ಪ್ರದೇಶ) ಪುಸ್ತಕಗಳೇ ಆಧಾರ. ಅವುಗಳಲ್ಲಿ ಅತ್ಯಂತ ಹಳೆಯದು ಪರ್ತ್‌ಷೈರಿನ ಎರಲ್ ಎಂಬಲ್ಲಿಯದು, 1553ರಿಂದ ಆರಂಭವಾಗುತ್ತದೆ. ಮದುವೆಯ ನಮೂದು ಹೆಚ್ಚಾಗಿ ಮದುವೆಯದೇ ಆಗಿರುವುದಿಲ್ಲ. ಚರ್ಚಿನಲ್ಲಿ ಮದುವೆಯ ಪ್ರಕಟಣೆ ಕೂಗಿದ್ದರ ನಮೂದಾಗಿರುತ್ತದೆ. ವರನ ಪ್ಯಾರಿಷಿನಲ್ಲೂ ವಧುವಿನ ಪ್ಯಾರಿಷಿನಲ್ಲೂ ಕೂಗುತ್ತಿದ್ದುದರಿಂದ ಒಂದೇ ಮದುವೆಗೆ ಎರಡು ನಮೂದು, ಎರಡು ದಿನಾಂಕ ಸಿಗಬಹುದು. ಎರಡನ್ನೂ ಓದಲೇಬೇಕು, ಏಕೆಂದರೆ ವಧುವಿನ ಊರಿನ ಪುಸ್ತಕದಲ್ಲಿ ಮಾತ್ರ ಅವಳ ತಂದೆಯ ಹೆಸರು ಇರುವುದುಂಟು.

ಈ ಪುಸ್ತಕಗಳಲ್ಲಿ ಖಾಲಿ ಜಾಗಗಳು ಬಹಳ. 1783ರಿಂದ 1794ರವರೆಗೆ ಪ್ರತಿ ನಮೂದಿಗೆ ಮೂರು ಪೆನ್ಸ್ ತೆರಿಗೆ ಇದ್ದುದರಿಂದ ಅನೇಕರು ಬರೆಸಲೇ ಇಲ್ಲ. ಮುಖ್ಯ ಚರ್ಚಿನಿಂದ ಒಡೆದು ಹೋದ ಪಂಗಡಗಳವರು ಮತ್ತು ಎಪಿಸ್ಕೋಪಲ್ ಪಂಥದವರ ನಮೂದುಗಳು ಅವರವರ ಪುಸ್ತಕಗಳಲ್ಲಿರುತ್ತವೆ. ಪಾದ್ರಿಯಿಲ್ಲದೆ ಪರಸ್ಪರ ಒಪ್ಪಿಗೆಯಿಂದಲೇ ಆದ ಮದುವೆಯೂ ಅಲ್ಲಿ ಕಾನೂನುಬದ್ಧವೇ ಆಗಿತ್ತು, 1940ರವರೆಗೂ; ಅಂಥ ದಂಪತಿಗಳನ್ನು ಚರ್ಚಿನ ಹಿರಿಯರ ಸಭೆ ಕರೆಸಿ ವಿಚಾರಿಸಿದ ವಿವರ ಆ ಸಭೆಯ ನಡಾವಳಿ ಪುಸ್ತಕದಲ್ಲಿ ಸಿಗುತ್ತದೆ.

ನಮಗೆ ಅನುಕೂಲವಾದ ಒಂದು ಸಂಗತಿಯೂ ಇದೆ. ಸ್ಕಾಟಿಷ್ ದಾಖಲೆಗಳಲ್ಲಿ ಹೆಣ್ಣು ಮದುವೆಯಾದ ಮೇಲೂ ತವರಿನ ಮನೆತನದ ಹೆಸರಿನಿಂದಲೇ ಗುರುತಾಗುತ್ತಾಳೆ. ಗೋರಿಕಲ್ಲಿನ ಮೇಲೂ ಹಾಗೆಯೇ ಕೆತ್ತಿಸುತ್ತಿದ್ದರು. ಮಕ್ಕಳ ಹೆಸರಿಡುವಲ್ಲಿಯೂ ಒಂದು ವಾಡಿಕೆ ಇತ್ತು: ಹಿರಿಯ ಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯ ಹೆಸರು, ಹಿರಿಯ ಮಗಳಿಗೆ ತಾಯಿಯ ತಾಯಿಯ ಹೆಸರು. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ನಮ್ಮವರಿಗೆ ಇದು ಸಹಜವಾಗಿ ಅರ್ಥವಾಗುತ್ತದೆ. ಆದರೂ ಇದನ್ನು ಎಲ್ಲಿ ಹುಡುಕಬೇಕೆಂಬ ಸುಳಿವಾಗಿ ಮಾತ್ರ ಬಳಸಬೇಕು. ಹೆಸರು ಹೊಂದುತ್ತದೆ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಅಜ್ಜನನ್ನಾಗಿ ಮಾಡಬಾರದು.

ಮದುವೆಯ ಕರಾರು: ಎರಡು ಮನೆತನ ಒಂದೇ ಕಾಗದದಲ್ಲಿ

ಆಸ್ತಿವಂತರ ಮದುವೆಗೆ ಮುಂಚೆ, ಕೆಲವೊಮ್ಮೆ ಮದುವೆಯಾದ ಮೇಲೂ, ಎರಡು ಕಡೆಯವರು ಸೇರಿ ಕರಾರು ಬರೆಯುತ್ತಿದ್ದರು. ಇಷ್ಟು ವಿಷಯವನ್ನು ಒಂದೆಡೆ ಕೊಡುವ ಕಾಗದ ಇನ್ನೊಂದಿಲ್ಲ. ಚರ್ಚಿನ ನಮೂದು ಒಂದು ಸಾಲಿನಲ್ಲಿ ಮುಗಿದರೆ ಕರಾರು ಹಲವು ಪುಟ ಹರಿಯುತ್ತದೆ.

ಅದನ್ನು ಓದುವ ಕ್ರಮ ಹೀಗಿರಲಿ. ಮೊದಲು ಕಕ್ಷಿದಾರರು: ವರ, ಅವನ ತಂದೆ ಬದುಕಿದ್ದರೆ ತಂದೆ, ವಧು, ‘ತಂದೆಯ ಸಮ್ಮತಿಯೊಂದಿಗೆ’. ವಧುವಿನ ಪರವಾಗಿ ತಂದೆಯ ಬದಲು ಅಣ್ಣನೋ ಚಿಕ್ಕಪ್ಪನೋ ಸಮ್ಮತಿ ಕೊಟ್ಟಿದ್ದರೆ ತಂದೆ ಆಗಲೇ ತೀರಿಕೊಂಡಿದ್ದನೇ ಎಂದು ಪರೀಕ್ಷಿಸಿ. ಎರಡನೆಯದು ‘ಟಾಖರ್’, ಅಂದರೆ ಹೆಣ್ಣಿನ ಕಡೆಯವರು ಕೊಡುವ ಹಣ. ಎಷ್ಟು, ಯಾವ ಕಂತಿನಲ್ಲಿ, ಯಾರು ಕೊಡಬೇಕು ಎಂಬುದೆಲ್ಲ ಇರುತ್ತದೆ. ಮೂರನೆಯದು ವಿಧವೆಯಾದರೆ ಅವಳಿಗೆ ಜೀವಿತಾವಧಿಯವರೆಗೆ ಸಲ್ಲಬೇಕಾದ ವರಮಾನ. ನಾಲ್ಕನೆಯದು ಈ ಮದುವೆಯಲ್ಲಿ ಹುಟ್ಟುವ ಮಕ್ಕಳಿಗೆ ಮೀಸಲು. ‘ಈ ಮದುವೆಯಲ್ಲಿ’ ಎಂಬ ಮಾತಿಗೆ ಅಡಿಗೆರೆ ಹಾಕಿಕೊಳ್ಳಿ: ಗ್ಲಾಸ್‌ಫರ್ಡ್‌ನಂತೆ ಹಲವು ಮದುವೆಯಾದವರ ಮನೆಯಲ್ಲಿ ಯಾವ ಮಕ್ಕಳು ಯಾವ ತಾಯಿಗೆ ಸೇರಿದವರು ಎಂಬುದು ಮುಂದೆ ಪಾಲಿನ ಹೊತ್ತಿಗೆ ಈ ಷರತ್ತಿನಿಂದಲೇ ಖಚಿತವಾಗುತ್ತದೆ.

ಐದನೆಯದನ್ನು ಬಹಳ ಮಂದಿ ಓದದೆ ಬಿಡುತ್ತಾರೆ. ಕರಾರು ಜಾರಿಯಾಗದಿದ್ದರೆ ವಧುವಿನ ಮತ್ತು ಮಕ್ಕಳ ಪರವಾಗಿ ಕ್ರಮ ಕೈಗೊಳ್ಳಲು ಕೆಲವರನ್ನು ಹೆಸರಿಸಿರುತ್ತಾರೆ. ಅವರು ಹೆಚ್ಚಾಗಿ ಅವಳ ಅಣ್ಣತಮ್ಮಂದಿರು, ಸೋದರಮಾವಂದಿರು, ಅಕ್ಕತಂಗಿಯರ ಗಂಡಂದಿರು. ಕಾಗದದ ಕೊನೆಯ ಭಾಗದಲ್ಲಿ ಅಡಗಿರುವ ಈ ನಾಲ್ಕೈದು ಹೆಸರುಗಳಿಂದ ಹೆಣ್ಣಿನ ತವರುಮನೆಯ ಇಡೀ ತಲೆಮಾರು ಹೊರಬರಬಹುದು. ಸಾಕ್ಷಿ ಹಾಕಿದವರನ್ನೂ ಬರೆದುಕೊಳ್ಳಿ, ಆದರೆ ಅವರಲ್ಲಿ ಒಬ್ಬಿಬ್ಬರು ವಕೀಲರ ಗುಮಾಸ್ತರೇ ಆಗಿರುತ್ತಾರೆ.

ಮದುವೆಯಾಗಿ ಒಂದು ವರ್ಷ ಒಂದು ದಿನದೊಳಗೆ, ಜೀವಂತ ಮಗು ಹುಟ್ಟದೆ, ಗಂಡಹೆಂಡಿರಲ್ಲಿ ಒಬ್ಬರು ತೀರಿಕೊಂಡರೆ ಕೊಟ್ಟ ಹಣ ಹೆಣ್ಣಿನ ಕಡೆಗೆ ಹಿಂದಿರುಗಬೇಕೆಂಬ ನಿಯಮ 1855ರವರೆಗೆ ಇತ್ತು. ಈ ಹಣಕ್ಕಾಗಿ ನಡೆದ ವ್ಯಾಜ್ಯದ ಕಾಗದ ಸಿಕ್ಕರೆ ಯಾವ ಚರ್ಚಿನ ಪುಸ್ತಕದಲ್ಲೂ ಉಳಿಯದ ಒಂದು ಅಲ್ಪಾಯುಷಿ ಮದುವೆ ಬೆಳಕಿಗೆ ಬರುತ್ತದೆ.

ಕರಾರನ್ನು ಎಲ್ಲಿ ಹುಡುಕಬೇಕು? ಅದನ್ನು ನೋಂದಾಯಿಸುವುದು ಕಡ್ಡಾಯವಾಗಿರಲಿಲ್ಲ. ತಗಾದೆ ಬಂದಾಗ ಅಥವಾ ಗಂಡ ಸತ್ತು ವಿಧವೆ ತನ್ನ ಹಕ್ಕು ಕೇಳಬೇಕಾದಾಗ ನೋಂದಾಯಿಸುತ್ತಿದ್ದರು. ಮದುವೆಗೂ ನೋಂದಣಿಗೂ ಇಪ್ಪತ್ತು ಮೂವತ್ತು ವರ್ಷ ಅಂತರವಿರುವುದು ಅಪರೂಪವಲ್ಲ. ಆದ್ದರಿಂದ ಮದುವೆಯ ವರ್ಷದ ಸುತ್ತ ಮಾತ್ರ ಹುಡುಕಿ ಕೈಬಿಡಬೇಡಿ, ಗಂಡನ ಸಾವಿನ ವರ್ಷದ ಸುತ್ತಲೂ ನೋಡಿ. ಮುಖ್ಯ ನೆಲೆ 1554ರಿಂದ ನಡೆದುಬಂದ ಉನ್ನತ ನ್ಯಾಯಾಲಯದ ದಸ್ತಾವೇಜು ಪುಸ್ತಕಗಳು, ಅಂದರೆ ‘ಬುಕ್ಸ್ ಆಫ್ ಕೌನ್ಸಿಲ್ ಅಂಡ್ ಸೆಷನ್’. 1661ರಿಂದ 1811ರವರೆಗೆ ಇವು ಡ್ಯೂರಿ, ಮೆಕೆಂಜಿ, ಡಾಲ್ರಿಂಪಲ್ ಎಂಬ ಮೂರು ಕಚೇರಿಗಳ ಹೆಸರಿನಲ್ಲಿ ಮೂರು ಸರಣಿಗಳಾಗಿ ಒಡೆದಿವೆ. ಒಂದರಲ್ಲಿ ಸಿಗದಿದ್ದರೆ ಉಳಿದ ಎರಡನ್ನೂ ನೋಡಬೇಕು. ಅಲ್ಲಿಯೂ ಇಲ್ಲದಿದ್ದರೆ ಷರೀಫ್ ಕೋರ್ಟ್ (ಸ್ಥಳೀಯ ನ್ಯಾಯಾಲಯ), ಕಮಿಸರಿ ಕೋರ್ಟ್ (ಸತ್ತವರ ಚರಾಸ್ತಿಯ ವಿಷಯ ನೋಡುತ್ತಿದ್ದ ನ್ಯಾಯಾಲಯ) ಮತ್ತು ನಗರ ನ್ಯಾಯಾಲಯದ ದಸ್ತಾವೇಜು ಪುಸ್ತಕಗಳಿವೆ. ಹಲವು ಕರಾರುಗಳು ನೋಂದಣಿಯೇ ಆಗದೆ ಕುಟುಂಬದ ಕಾಗದಗಳ ಕಟ್ಟಿನಲ್ಲಿ ಉಳಿದಿವೆ. ಗ್ಲ್ಯಾಸ್ಗೋದವರಿಗೆ ಮಿಚೆಲ್ ಗ್ರಂಥಾಲಯದಲ್ಲಿರುವ ನಗರ ಪತ್ರಾಗಾರವನ್ನೂ ನೋಡುವುದು ಒಳ್ಳೆಯದು.

ಟೆಸ್ಟಮೆಂಟ್: ಚರಾಸ್ತಿಯ ದಾಖಲೆ

ಸತ್ತವನ ಚರಾಸ್ತಿಯನ್ನು ವಸೂಲು ಮಾಡಿ ಹಂಚಲು ನ್ಯಾಯಾಲಯ ಒಬ್ಬನಿಗೆ ಅಧಿಕಾರ ಕೊಟ್ಟ ದಾಖಲೆಯೇ ಟೆಸ್ಟಮೆಂಟ್. ಉಯಿಲು ಇದ್ದರೆ ಅದು ‘ಟೆಸ್ಟಮೆಂಟ್ ಟೆಸ್ಟಮೆಂಟರ್’, ಇಲ್ಲದಿದ್ದರೆ ‘ಟೆಸ್ಟಮೆಂಟ್ ಡೇಟಿವ್’. 1823ರವರೆಗೆ ಇವನ್ನು ಕಮಿಸರಿ ಕೋರ್ಟುಗಳು ಕೊಡುತ್ತಿದ್ದವು, ಅಲ್ಲಿಂದ ಮುಂದೆ ಆ ಕೆಲಸ ಷರೀಫ್ ಕೋರ್ಟುಗಳಿಗೆ ಬಂತು. ಹಳೆಯ ಕಮಿಸರಿ ವ್ಯಾಪ್ತಿಗಳು ಜಿಲ್ಲೆಯ ಗಡಿಯನ್ನಲ್ಲ, ಮಧ್ಯಯುಗದ ಬಿಷಪ್ಪರ ಗಡಿಯನ್ನು ಅನುಸರಿಸುತ್ತಿದ್ದುದರಿಂದ ಊರು ಯಾವ ಕೋರ್ಟಿಗೆ ಸೇರಿತ್ತು ಎಂದು ಮೊದಲೇ ಖಚಿತಪಡಿಸಿಕೊಳ್ಳಿ. 1925ರವರೆಗಿನ ಟೆಸ್ಟಮೆಂಟುಗಳ ಸೂಚಿಯನ್ನು ಸ್ಕಾಟ್ಲೆಂಡ್ಸ್ ಪೀಪಲ್‌ನಲ್ಲಿ ಹೆಸರು ಹಾಕಿ ಹುಡುಕಬಹುದು.

ಉಯಿಲಿಲ್ಲದ ಟೆಸ್ಟಮೆಂಟಿನ ಆರಂಭ ಒಂದೇ ಅಚ್ಚಿನದು: ‘ಗ್ಲ್ಯಾಸ್ಗೋದ ವರ್ತಕ ದಿವಂಗತ ಇಂಥವನಿಗೆ ಅವನ ಮರಣಕಾಲದಲ್ಲಿ ಸೇರಿದ್ದ ಸರಕು, ಸಾಲ ಮತ್ತು ಹಣದ ಪಟ್ಟಿ, ಅವನು ಇಂಥ ತಿಂಗಳಲ್ಲಿ ತೀರಿಕೊಂಡನು, ಪಟ್ಟಿಯನ್ನು ಒಪ್ಪಿಸಿದವಳು ಅವನ ವಿಧವೆ ಇಂಥವಳು.’ ಇಷ್ಟರಲ್ಲೇ ಸಾವಿನ ತಿಂಗಳು, ವಿಧವೆಯ ತವರಿನ ಹೆಸರು, ಅವಳು ಆಗ ಬದುಕಿದ್ದಳು ಎಂಬ ಮೂರು ಸಂಗತಿಗಳು ಸಿಕ್ಕವು. ಪಟ್ಟಿ ಒಪ್ಪಿಸುವವನು ಯಾವ ಹಕ್ಕಿನಿಂದ ಬಂದಿದ್ದಾನೆ ಎಂಬುದೇ ಮುಖ್ಯ ಪದ. ‘ಅತ್ಯಂತ ಸಮೀಪದ ಬಂಧು’ ಎಂದಿದ್ದರೆ ಅದು ತಂದೆಯ ಕಡೆಯ ಸಂಬಂಧ. ಹಳೆಯ ಕಾನೂನಿನಲ್ಲಿ ತಾಯಿಯ ಕಡೆಯವರಿಗೆ ಚರಾಸ್ತಿಯಲ್ಲಿ ವಾರಸಿನ ಹಕ್ಕಿರಲಿಲ್ಲ. ‘ಸಾಲಗಾರನ ಹಕ್ಕಿನಿಂದ’ ಎಂದಿದ್ದರೆ ಸತ್ತವನಿಗೆ ಸಾಲ ಕೊಟ್ಟವನು ತನ್ನ ಹಣ ವಸೂಲಿಗಾಗಿ ಬಂದಿದ್ದಾನೆ, ಸಂಬಂಧಿಯಾಗಿರಬೇಕಿಲ್ಲ. ವರ್ತಕರ ಮನೆಗಳಲ್ಲಿ ಈ ಎರಡನೆಯ ಬಗೆ ಬಹಳ. ಗ್ಲಾಸ್‌ಫರ್ಡ್ ಸ್ವತಃ 1783ರಲ್ಲಿ ತೀರಿಕೊಂಡಾಗ ಭಾರೀ ಸಾಲ ಬಿಟ್ಟುಹೋಗಿದ್ದ. ಅಮೆರಿಕದ ಸ್ವಾತಂತ್ರ್ಯ ಯುದ್ಧ ಅಲ್ಲಿನ ಬಾಕಿ ವಸೂಲಿಯನ್ನು ನಿಲ್ಲಿಸಿಬಿಟ್ಟಿತ್ತು.

ಕೋರ್ಟಿನ ದಿನಾಂಕವನ್ನು ಸಾವಿನ ದಿನಾಂಕ ಎಂದು ಬರೆದುಕೊಳ್ಳಬೇಡಿ. ಒಂದು ಮರೆತ ಬಾಕಿ ಪತ್ತೆಯಾದಾಗ, ಸತ್ತು ಎಷ್ಟೋ ವರ್ಷಗಳ ಮೇಲೆ, ಟೆಸ್ಟಮೆಂಟ್ ತೆಗೆಸಿದ್ದುಂಟು. ಮೊದಲ ಪಟ್ಟಿಗೆ ಬಿಟ್ಟುಹೋದದ್ದನ್ನು ಸೇರಿಸುವ ಪೂರಕ ಪತ್ರಕ್ಕೆ ‘ಈಕ್’ ಎನ್ನುತ್ತಾರೆ. ಆ ಹೊತ್ತಿಗೆ ಹೆಣ್ಣುಮಕ್ಕಳಿಗೆ ಮದುವೆಯಾಗಿ ಅಳಿಯಂದಿರ ಹೆಸರೂ ಸೇರಿರುವುದರಿಂದ ಈಕ್‌ಗಳನ್ನು ತಪ್ಪದೆ ತೆರೆಯಿರಿ. ಬರಬೇಕಾದ ಬಾಕಿಗಳ ಪಟ್ಟಿಯಲ್ಲಿ ‘ಭಾವ’, ‘ಅಳಿಯ’ ಎಂದು ಸಂಬಂಧ ಬರೆದಿರುವುದೂ ಉಂಟು. ಮತ್ತೊಂದು ಎಚ್ಚರ: ಈ ಮೊತ್ತ ಮನೆತನದ ಶ್ರೀಮಂತಿಕೆಯ ಅಳತೆಯಲ್ಲ. ಭೂಮಿ ಇದರಲ್ಲಿ ಸೇರಿಲ್ಲ, 1868ಕ್ಕೂ ಮುಂಚೆ ಭೂಮಿಯ ಅಡವಿನ ಮೇಲೆ ಕೊಟ್ಟ ಸಾಲವೂ ಸೇರಿಲ್ಲ.

ಭೂಮಿಯ ದಾಖಲೆಯಲ್ಲಿ ಹಿರಿಯ ಮಗ

ಹಣ ಮಾಡಿದ ವರ್ತಕನ ಮುಂದಿನ ಹೆಜ್ಜೆ ಎಸ್ಟೇಟು ಕೊಳ್ಳುವುದು. ಗ್ಲಾಸ್‌ಫರ್ಡ್ 1767ರಲ್ಲಿ ಡೂಗಲ್‌ಸ್ಟನ್ ಎಸ್ಟೇಟನ್ನು ಕೊಂಡ. ಅಲ್ಲಿಂದ ಮುಂದೆ ಅವನು ದಾಖಲೆಗಳಲ್ಲಿ ‘ಡೂಗಲ್‌ಸ್ಟನ್‌ನ ಗ್ಲಾಸ್‌ಫರ್ಡ್’. ಸ್ಕಾಟಿಷ್ ಬರವಣಿಗೆಯಲ್ಲಿ ಇಂಥ ಊರಿನ ‘ಆಫ್’ ಎಂದರೆ ಒಡೆಯ, ಇಂಥ ಊರಿನಲ್ಲಿ ‘ಇನ್’ ಎಂದರೆ ಬರೀ ವಾಸಿ ಅಥವಾ ಗೇಣಿದಾರ. ಆ ಒಂದು ಪುಟ್ಟ ಪದ ಬದಲಾದ ವರ್ಷವನ್ನು ಗುರುತು ಹಾಕಿಕೊಳ್ಳಿ. ಭೂಮಿಯ ದಾಖಲೆಗಳ ಹುಡುಕಾಟ ಅಲ್ಲಿಂದ ಆರಂಭವಾಗಬೇಕು.

ತಂದೆಯ ಭೂಮಿಗೆ ತಾನೇ ವಾರಸುದಾರ ಎಂದು ಮಗ ಸಾಬೀತು ಮಾಡಿದ ದಾಖಲೆಗೆ ‘ಸರ್ವಿಸ್ ಆಫ್ ಏರ್ಸ್’ ಅಥವಾ ‘ರಿಟೂರ್’ ಎನ್ನುತ್ತಾರೆ. 1847ರವರೆಗೆ ಸ್ಥಳೀಯ ಪಂಚರು ಕುಳಿತು, ಇವನು ಸತ್ತವನಿಗೆ ಏನಾಗಬೇಕು ಎಂದು ತೀರ್ಮಾನಿಸಿ ಕಳುಹಿಸುತ್ತಿದ್ದರು. ಸಂಬಂಧವನ್ನು ನಿಖರವಾಗಿ ಬರೆಯಲೇಬೇಕಾಗಿದ್ದರಿಂದ ವಂಶಾವಳಿಗೆ ಇದಕ್ಕಿಂತ ಗಟ್ಟಿಯಾದ ಆಧಾರ ಕಡಿಮೆ. ಕ್ರಾಮ್ವೆಲ್ ಆಳ್ವಿಕೆಯ 1652ರಿಂದ 1659ರವರೆಗಿನ ಅವಧಿಯನ್ನು ಬಿಟ್ಟರೆ 1847ರವರೆಗೂ ಇವು ಲ್ಯಾಟಿನ್ ಭಾಷೆಯಲ್ಲಿವೆ. 1700ರಿಂದ ಮುಂದಿನವುಗಳಿಗೆ ಹತ್ತು ಹತ್ತು ವರ್ಷದ ಮುದ್ರಿತ ಇಂಗ್ಲಿಷ್ ಸೂಚಿಗಳಿವೆ, ಎಷ್ಟೋ ಸಲ ಸೂಚಿಯ ಒಂದು ಸಾಲೇ ಸಾಕಾಗುತ್ತದೆ. ಮೊಮ್ಮಗ ಅಜ್ಜನ ವಾರಸುದಾರನಾಗಿ ಬಂದಿದ್ದರೆ ನಡುವಿನ ತಲೆಮಾರು ಆಗಲೇ ತೀರಿಕೊಂಡಿತ್ತು ಎಂದು ತಿಳಿಯುತ್ತದೆ. ಆದರೆ ಭೂಮಿಯ ಮೇಲೊಡೆಯನೇ ನೇರವಾಗಿ ವಾರಸುದಾರನನ್ನು ಒಪ್ಪಿಕೊಂಡು ಪತ್ರ ಕೊಡುವ ಪದ್ಧತಿಯೂ ಇತ್ತು. ಹಾಗಾದಾಗ ರಿಟೂರ್ ಇರುವುದಿಲ್ಲ.

ಹಾಗಿದ್ದಾಗ ಕೈಹಿಡಿಯುವುದು 1617ರಿಂದ ನಡೆದುಬಂದ ಸೇಝಿನ್ ರಿಜಿಸ್ಟರ್, ಅಂದರೆ ಭೂಮಿಯ ಸ್ವಾಧೀನದ ದಾಖಲೆ ಪುಸ್ತಕ. ಭೂಮಿಯ ಮೇಲೆ ನಿಂತು ಹಿಡಿ ಮಣ್ಣು ಮತ್ತು ಕಲ್ಲನ್ನು ಕೈಗಿತ್ತು ಸ್ವಾಧೀನ ಕೊಡುವ ವಿಧಿ 1845ರವರೆಗೂ ನಡೆಯುತ್ತಿತ್ತು. ಆ ವಿಧಿಯನ್ನು ಬರೆದ ಪತ್ರವನ್ನು ಅರವತ್ತು ದಿನಗಳೊಳಗೆ ಈ ರಿಜಿಸ್ಟರಿನಲ್ಲಿ ದಾಖಲಿಸಬೇಕಿತ್ತು. 1781ರಿಂದ ಮುಂದಿನ ದಾಖಲೆಗಳಿಗೆ ಇಂಗ್ಲಿಷ್‌ನಲ್ಲಿ ಮುದ್ರಿತ ಸಂಕ್ಷಿಪ್ತ ಸಾರಗಳಿವೆ, ಹೊಸಬರು ಅಲ್ಲಿಂದಲೇ ಆರಂಭಿಸುವುದು ಒಳಿತು. ಮದುವೆಯ ಕರಾರಿನಂತೆ ಹೆಂಡತಿಗೆ ಭೂಮಿಯ ಮೇಲೆ ಜೀವಿತಾವಧಿ ಹಕ್ಕು ಕೊಟ್ಟಾಗ ಅದೂ ಇಲ್ಲಿ ದಾಖಲಾಗುತ್ತಿತ್ತು. ಅಂದರೆ ಕರಾರಿನ ಮೂಲ ಪ್ರತಿ ಕಳೆದುಹೋಗಿದ್ದರೂ ಅದರ ದಿನಾಂಕ ಮತ್ತು ಸಾರ ಸೇಝಿನ್‌ನಲ್ಲಿ ಉಳಿದಿರುವ ಸಂಭವವಿದೆ. ನನ್ನ ಮಟ್ಟಿಗೆ ಈ ಇಡೀ ಕೆಲಸದಲ್ಲಿ ಅತ್ಯಂತ ಸಂತೋಷ ಕೊಡುವ ಜೋಡಣೆ ಇದೇ.

ಇಲ್ಲಿಯವರೆಗಿನದನ್ನು ಒಂದು ದೊಡ್ಡ ಹಾಳೆಯಲ್ಲಿ ಎರಡು ಅಂಕಣ ಮಾಡಿ ಬರೆಯಿರಿ. ಎಡಕ್ಕೆ ಚರಾಸ್ತಿಯ ದಾಖಲೆಯಲ್ಲಿ ಬಂದವರು, ಬಲಕ್ಕೆ ಸ್ಥಿರಾಸ್ತಿಯ ದಾಖಲೆಯಲ್ಲಿ ಬಂದವರು, ನಡುವೆ ಮದುವೆಯ ಕರಾರು. ಪ್ರತಿ ಹೆಸರಿನ ಮುಂದೆ ಆ ದಾಖಲೆ ಹೇಳಿದ ಸಂಬಂಧವನ್ನು ಅದರ ಮೂಲ ಪದದಲ್ಲೇ ಬರೆಯಿರಿ. ನಿಮ್ಮ ಊಹೆಯನ್ನು ಬೇರೆ ಬಣ್ಣದಲ್ಲಿ ಬರೆಯಿರಿ. ಒಂದೇ ಅಂಕಣದಲ್ಲಿ ಮಾತ್ರ ಇರುವವರ ಬಗ್ಗೆ ಕಾನೂನಿನ ಪ್ರಕಾರ ಹೀಗಾಗಬಹುದೇ ಎಂದು ಕೇಳಿಕೊಳ್ಳಿ.

ನಗರದ ಸದಸ್ಯತ್ವದ ಪಟ್ಟಿಗಳು

ನಗರದೊಳಗೆ ವ್ಯಾಪಾರ ಮಾಡಲು ‘ಬರ್ಜಸ್’ ಸದಸ್ಯತ್ವ ಬೇಕಿತ್ತು. ತಂದೆಯ ಹಕ್ಕಿನಿಂದ, ಶಿಷ್ಯವೃತ್ತಿ ಮುಗಿಸಿ, ಹಣ ಕಟ್ಟಿ, ಅಥವಾ ಬರ್ಜಸ್ ಒಬ್ಬನ ಮಗಳನ್ನು ಮದುವೆಯಾಗಿ ಅದನ್ನು ಪಡೆಯಬಹುದಿತ್ತು. ‘ಇಂಥ ವರ್ತಕನ ಮಗಳಾದ ಹೆಂಡತಿಯ ಹಕ್ಕಿನಿಂದ’ ಎಂಬ ನಮೂದು ಮದುವೆಯನ್ನೂ ಮಾವನನ್ನೂ ಒಂದೇ ಸಾಲಿನಲ್ಲಿ ಕೊಡುತ್ತದೆ. ಎಡಿನ್‌ಬರೋ ಮತ್ತು ಗ್ಲ್ಯಾಸ್ಗೋದ ಹಳೆಯ ಪಟ್ಟಿಗಳು ಅಚ್ಚಾಗಿವೆ. ಎಡಿನ್‌ಬರೋದ ವಿಳಾಸ ಪುಸ್ತಕಗಳು 1773ರಿಂದ, ಗ್ಲ್ಯಾಸ್ಗೋದವು 1783ರಿಂದ ಇವೆ. ನ್ಯಾಷನಲ್ ಲೈಬ್ರರಿ ಆಫ್ ಸ್ಕಾಟ್ಲೆಂಡ್ ಇಂಥ ಪುಸ್ತಕಗಳನ್ನು ಉಚಿತವಾಗಿ ಓದಲು ಇಟ್ಟಿದೆ. ‘ಮರ್ಚೆಂಟ್’ ಎಂಬ ಪದಕ್ಕೆ ಮಾತ್ರ ಮೋಸಹೋಗಬೇಡಿ: ಸ್ಕಾಟ್ಲೆಂಡಿನಲ್ಲಿ ಹಡಗಿನ ಒಡೆಯನೂ ಮರ್ಚೆಂಟ್, ಹಳ್ಳಿಯ ಅಂಗಡಿಯವನೂ ಮರ್ಚೆಂಟ್.

ಪದ, ಹಣ, ದಿನಾಂಕ

ಸಂಬಂಧ ಸೂಚಿಸುವ ಹಳೆಯ ಸ್ಕಾಟ್ಸ್ ಪದಗಳನ್ನು ಇಂದಿನ ಇಂಗ್ಲಿಷ್ ಅರ್ಥದಲ್ಲಿ ಓದಬಾರದು. ‘ಓಯ್’ ಎಂದರೆ ಮೊಮ್ಮಗ ಅಥವಾ ಮೊಮ್ಮಗಳು. ‘ಗುಡ್ ಬ್ರದರ್’ ಎಂದರೆ ಒಳ್ಳೆಯ ಸಹೋದರನಲ್ಲ, ಭಾವನೋ ಮೈದುನನೋ. ‘ಬ್ರದರ್ ಜರ್ಮನ್’ ಎಂದರೆ ಒಂದೇ ತಂದೆತಾಯಿಯ ಸಹೋದರ. ಹಲವು ಮದುವೆಗಳ ಮನೆಯಲ್ಲಿ ಇದು ಚಿನ್ನದಂಥ ಪದ. ‘ಕಸಿನ್’ ಎಂದಷ್ಟೇ ಇದ್ದರೆ ಏನೂ ಖಚಿತವಲ್ಲ. ಟಿಪ್ಪಣಿಯನ್ನು ಕನ್ನಡದಲ್ಲಿ ಮಾಡಿಕೊಳ್ಳುವವರು ಇಲ್ಲಿ ಜಾಗರೂಕರಾಗಿರಬೇಕು, ಏಕೆಂದರೆ ನಮ್ಮ ಭಾಷೆ ಚಿಕ್ಕಪ್ಪನ ಮಗನೋ ಸೋದರಮಾವನ ಮಗನೋ ಎಂದು ತೀರ್ಮಾನಿಸದೆ ಮುಂದೆ ಹೋಗಲು ಬಿಡುವುದಿಲ್ಲ. ಮೂಲದಲ್ಲಿ ಇಲ್ಲದ ಖಚಿತತೆ ಅನುವಾದದಲ್ಲಿ ನುಸುಳಿಬಿಡುತ್ತದೆ.

ಹನ್ನೆರಡು ಸ್ಕಾಟ್ಸ್ ಪೌಂಡಿಗೆ ಒಂದು ಸ್ಟರ್ಲಿಂಗ್ ಪೌಂಡ್. ‘ಮರ್ಕ್’ ಎಂಬುದು ಸ್ಕಾಟ್ಸ್ ಪೌಂಡಿನ ಮೂರರಲ್ಲಿ ಎರಡು ಭಾಗ. ಸ್ಕಾಟ್ಲೆಂಡಿನಲ್ಲಿ 1600ರಿಂದಲೇ ಹೊಸ ವರ್ಷ ಜನವರಿ 1ಕ್ಕೆ ಆರಂಭವಾಗುತ್ತಿತ್ತು, ಇಂಗ್ಲೆಂಡಿನಲ್ಲಿ ಇದಾದದ್ದು 1752ರಲ್ಲಿ. ಲಂಡನ್ನಿಗೂ ಗ್ಲ್ಯಾಸ್ಗೋಗೂ ನಡೆದ ಪತ್ರಗಳಲ್ಲಿ ವರ್ಷ ಒಂದು ಹೆಚ್ಚುಕಡಿಮೆ ಕಂಡರೆ ಕಾರಣ ಇದಿರಬಹುದು.

ಸಮುದ್ರ ದಾಟಿದವರು

ವರ್ತಕರ ಮಕ್ಕಳು ಊರಲ್ಲಿ ನಿಲ್ಲಲಿಲ್ಲ. ಸ್ಕಾಟ್ಲೆಂಡಿನ ಹೊರಗೆ ಸತ್ತು ಸ್ಕಾಟ್ಲೆಂಡಿನಲ್ಲಿ ಚರಾಸ್ತಿ ಬಿಟ್ಟವರ ಟೆಸ್ಟಮೆಂಟ್ ಎಡಿನ್‌ಬರೋ ಕಮಿಸರಿ ಕೋರ್ಟಿಗೆ ಬರುತ್ತಿತ್ತು, ಮುಂದೆ ಎಡಿನ್‌ಬರೋ ಷರೀಫ್ ಕೋರ್ಟಿಗೆ. ಹೀಗಾಗಿ ಊರಿನ ಕೋರ್ಟಿನಲ್ಲಿ ಸಿಗದ ಮಗನನ್ನು ಎಡಿನ್‌ಬರೋದ ಸೂಚಿಯಲ್ಲಿ ಹುಡುಕಿ. ಗ್ಲಾಸ್‌ಫರ್ಡ್ ಕಂಪನಿಯ ಮೇರಿಲ್ಯಾಂಡ್ ಮತ್ತು ವರ್ಜೀನಿಯಾ ಅಂಗಡಿಗಳ ಲೆಕ್ಕಪುಸ್ತಕಗಳು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ. ಆ ಹೊಗೆಸೊಪ್ಪನ್ನು ಬೆಳೆದವರು ಗುಲಾಮರು. ಆರಂಭದಲ್ಲಿ ಹೇಳಿದ ಕುಟುಂಬ ಚಿತ್ರದ ಎಡ ಅಂಚಿನಲ್ಲಿ, ಕಪ್ಪಿಟ್ಟ ಬಣ್ಣದೊಳಗೆ, ಒಬ್ಬ ಕಪ್ಪು ವರ್ಣದ ಸೇವಕ ನಿಂತಿದ್ದಾನೆ. 1833ರ ಕಾಯ್ದೆಯಂತೆ ಗುಲಾಮರ ಒಡೆಯರಿಗೆ ಬ್ರಿಟಿಷ್ ಸರ್ಕಾರ 2 ಕೋಟಿ ಪೌಂಡ್ ಪರಿಹಾರ ಕೊಟ್ಟಾಗ ಮದುವೆಯ ಕರಾರಿನ ಟ್ರಸ್ಟಿಗಳೂ, ಜೀವನಾಂಶ ಪಡೆಯುತ್ತಿದ್ದ ವಿಧವೆಯರೂ ಹಕ್ಕು ಕೇಳಿ ಬಂದರು. ಲಂಡನ್ನಿನ ಯೂನಿವರ್ಸಿಟಿ ಕಾಲೇಜು ಸಿದ್ಧಪಡಿಸಿದ ಉಚಿತ ದತ್ತಸಂಚಯದಲ್ಲಿ ಆ ಹೆಸರುಗಳನ್ನು ಹುಡುಕಬಹುದು. ಆಸ್ತಿಯ ಪಟ್ಟಿಯಲ್ಲಿ ಮನುಷ್ಯರ ಹೆಸರುಗಳು ಕಂಡರೆ ಅವನ್ನೂ ಬಿಡದೆ ಬರೆದುಕೊಳ್ಳಿ; ಅವರ ವಂಶಸ್ಥರಿಗೆ ಅದೊಂದೇ ಆಧಾರವಾಗಿರಬಹುದು.

ನಮ್ಮ ನಾಡಿಗೆ ಬಂದವರ ಜಾಡು ಹಿಡಿಯುವ ಕ್ರಮವೂ ಇದೇ. ಬಳ್ಳಾರಿ ಸೀಮೆಯವರು ಇಂದಿಗೂ ನೆನೆಯುವ ಥಾಮಸ್ ಮನ್ರೋ 1761ರಲ್ಲಿ ಗ್ಲ್ಯಾಸ್ಗೋದಲ್ಲಿ ಹುಟ್ಟಿದವನು. ತಂದೆ ಅಲೆಕ್ಸಾಂಡರ್ ಮನ್ರೋ ವರ್ಜೀನಿಯಾದೊಡನೆ ವ್ಯಾಪಾರ ಮಾಡುತ್ತಿದ್ದ ವರ್ತಕ, ತಾಯಿ ಮಾರ್ಗರೆಟ್ ಸ್ಟಾರ್ಕ್. ಗ್ಲಾಸ್‌ಫರ್ಡ್‌ನನ್ನು ಸಾಲಕ್ಕೆ ದೂಡಿದ ಅಮೆರಿಕದ ಯುದ್ಧವೇ ಈ ಮನೆಯ ವ್ಯಾಪಾರವನ್ನೂ ಮುಳುಗಿಸಿತು. ಮಗ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯಕ್ಕೆ ಸೇರಿ ಮದ್ರಾಸಿಗೆ ಬಂದ. 1814ರಲ್ಲಿ ಅವನು ಮದುವೆಯಾದದ್ದು ಏರ್‌ಷೈರಿನ ಜೇನ್ ಕ್ಯಾಂಪ್‌ಬೆಲ್‌ಳನ್ನು, ಸತ್ತದ್ದು 1827ರಲ್ಲಿ ಪತ್ತಿಕೊಂಡದಲ್ಲಿ. ಇಂಥವರ ವಿಷಯದಲ್ಲಿ ಮೂರು ಕಡೆ ಹುಡುಕಬೇಕು: ಊರಿನ ಕಾಗದಗಳು, ಎಡಿನ್‌ಬರೋದ ಕೋರ್ಟು, ಮತ್ತು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ಇಂಡಿಯಾ ಆಫೀಸ್ ದಾಖಲೆಗಳು. ಮದ್ರಾಸ್, ಬಂಗಾಳ, ಬೊಂಬಾಯಿ ಪ್ರಾಂತ್ಯಗಳ ಚರ್ಚುಗಳಲ್ಲಿ ಆದ ಜ್ಞಾನಸ್ನಾನ, ಮದುವೆ, ಸಮಾಧಿಯ ನಮೂದುಗಳ ಪ್ರತಿಗಳು ಅಲ್ಲಿಗೆ ಹೋಗುತ್ತಿದ್ದವು, ಉಯಿಲುಗಳ ಪ್ರತಿಗಳೂ ಇವೆ. ಬೆಂಗಳೂರು ದಂಡಿನಲ್ಲಿದ್ದವರ ನಮೂದುಗಳನ್ನು ಮದ್ರಾಸಿನ ಸರಣಿಯಲ್ಲಿ ನೋಡಬೇಕು. ಕಬ್ಬನ್ ರಸ್ತೆಯ ಸೇಂಟ್ ಆಂಡ್ರ್ಯೂಸ್ ಚರ್ಚು ಸ್ಕಾಟರಿಗಾಗಿ ಕಟ್ಟಿದ್ದು, 1866ರಲ್ಲಿ ತೆರೆದದ್ದು. ಅಲ್ಲಿ ಮದುವೆಯಾದ ವರ್ತಕನೊಬ್ಬನ ಹೆಸರು ಸಿಕ್ಕರೆ, ಮೊದಲು ಅವನ ತಂದೆಯ ಹೆಸರನ್ನು ಹಿಡಿದು 1855ರ ನಂತರದ ಸ್ಕಾಟಿಷ್ ಮರಣ ಪತ್ರಗಳಲ್ಲಿ ಹುಡುಕಿ, ತಾಯಿಯ ತವರಿನ ಹೆಸರು ಸಿಕ್ಕ ಕೂಡಲೇ ಆ ಹೆಸರಿನ ಮದುವೆಯ ಕರಾರಿಗಾಗಿ ದಸ್ತಾವೇಜು ಪುಸ್ತಕಗಳ ಸೂಚಿಯನ್ನು ತೆರೆಯಿರಿ.